ಮುಷ್ಟಿಯೊಳಗಿನ ಕವಡೆ

ಏಳೆಂಟು ವರ್ಷಗಳ ಹಿಂದಿನ ಮಾತು. ನಾನು ಆಗ ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಎರಡನೆಯ ವರ್ಷದ ವಿದ್ಯಾರ್ಥಿಗಳಿಗೆ ಕುಮಾರವ್ಯಾಸನ ಕರ್ಣನನ್ನು ಕುರಿತು ಒಂದು ಪ್ರಬಂಧ ಬರೆದು ತರುವಂತೆ ಹೇಳಿದ್ದೆ. ಬಂದ ಪ್ರಬಂಧಗಳಲ್ಲಿ ಹೆಚ್ಚಿನವು ಎಂತಿರಬೇಕೋ ಅಂತೆಯೇ ಇದ್ದುವು. ಒಂದು ಮಾತ್ರ ನನ್ನನ್ನು ತಡೆದು ನಿಲ್ಲಿಸಿತು. ಅದರ ಮಾತು ಬಲು ಬಿಗಿ. ವಿಚಾರ ಪಳಗಿದ ಕೈಯದು. ಬರೆದವನು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗ. ದೂರದ ಹಳ್ಳಿಯಿಂದ ಬಂದವನು. ತರಗತಿಯಲ್ಲಿ ಬಾಯಿ ತೆರೆದವನಲ್ಲ. ತೆರೆದಾಗ ‘ಹ’ಕಾರ ‘ಅ’ಕಾರಗಳು ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತಿದ್ದುವು. ಮಾರನೆಯ ದಿನ ತರಗತಿಯಲ್ಲಿಯೇ ಅವನನ್ನು ಎಬ್ಬಿಸಿ ನಿಲ್ಲಿಸಿ, “ಇದು ನೀನು ಬರೆದದ್ದಲ್ಲ” ಎಂದೆ. ಅವನು ತಲೆ ತಗ್ಗಿಸಿದ. ಉಳಿದವರು ನಕ್ಕರು.

ಆ ಸಂಜೆ ಹುಡುಗ ನನ್ನ ಕೋಣೆಗೆ ಬಂದು, ಲೈಬ್ರರಿಯಿಂದ ತಂದಿದ್ದ ಒಂದು ಹಳೆಯ ಮಾಸಪತ್ರಿಕೆಯ ಸಂಪುಟವನ್ನು ಮೇಜಿನ ಮೇಲಿಟ್ಟ. “ಇದರಿಂದ ಬರಕೊಂಡೆ ಸಾರ್. ತಪ್ಪಾಯಿತು” ಎಂದ. ನಾನು ನಾಲ್ಕು ಬುದ್ಧಿಮಾತು ಹೇಳಿ ಕಳಿಸಿದೆ. ಬಾಗಿಲವರೆಗೆ ಹೋದವನು ತಿರುಗಿ ನಿಂತು ಕೇಳಿದ: “ನಾನು ಕದ್ದದ್ದು ನಿಜ ಸಾರ್. ಆದರೆ ನಿಮಗೆ ಹೇಗೆ ಗೊತ್ತಾಯಿತು?”

“ಇಷ್ಟು ವರ್ಷ ಪಾಠ ಹೇಳಿದವನಿಗೆ ಅಷ್ಟೂ ತಿಳಿಯುವುದಿಲ್ಲವೇನಪ್ಪಾ?” ಎಂದು ನಕ್ಕುಬಿಟ್ಟೆ. ಅವನು ನಗಲಿಲ್ಲ. ಹೋದ.

ಸ್ಟಾಫ್ ರೂಮಿನಲ್ಲಿ ನನ್ನ ಕಣ್ಣಿನ ಸೂಕ್ಷ್ಮವನ್ನು ನಾಲ್ಕು ಜನ ಹೊಗಳಿದರು. ಹೊಗಳಿಸಿಕೊಳ್ಳುವುದು ನನಗೂ ಹಿತವಾಗಿಯೇ ಇತ್ತು. ಆದರೆ ರಾತ್ರಿ ಮಲಗಿದಾಗ ಹುಡುಗನ ಪ್ರಶ್ನೆ ಮತ್ತೆ ಬಂದು ಎದುರಿಗೆ ನಿಂತಿತು. ನನಗೆ ಹೇಗೆ ಗೊತ್ತಾಯಿತು? ಆ ಪತ್ರಿಕೆಯನ್ನು ನಾನು ಓದಿರಲಿಲ್ಲ. ಹುಡುಗನ ಬೇರೆ ಬರೆವಣಿಗೆಯೊಡನೆ ಹೋಲಿಸಿ ನೋಡಿರಲಿಲ್ಲ. ಕರೆದು ಎರಡು ಪ್ರಶ್ನೆ ಕೇಳಿರಲೂ ಇಲ್ಲ. ಇಂಥ ಊರಿನಿಂದ ಬಂದು, ಇಂಥ ಮಾತಾಡುವವನು, ಇಂಥದನ್ನು ಬರೆಯಲಾರ ಎಂದುಕೊಂಡೆ, ಅಷ್ಟೆ. ನಾನು ಹೇಳಿದ್ದು ಸತ್ಯವಾಗಿತ್ತು. ಆದರೆ ಅದು ನನಗೆ ‘ಗೊತ್ತಿತ್ತೆ’?

ಸತ್ಯವನ್ನು ನುಡಿಯುವುದು ಬೇರೆ, ಸತ್ಯವನ್ನು ಅರಿತು ನುಡಿಯುವುದು ಬೇರೆ ಎಂಬ ಈ ಸಣ್ಣ ವ್ಯತ್ಯಾಸವನ್ನು ಹಿಡಿದು ನಮ್ಮ ದೇಶದ ಮಧ್ಯಯುಗದ ಪಂಡಿತರು ಶತಮಾನಗಳ ಕಾಲ ವಾದ ಮಾಡಿದ್ದಾರೆ. ತರ್ಕಶಾಸ್ತ್ರವೆಂದರೆ ಒಣ ಕಟ್ಟಿಗೆಯೆಂದು ದೂರ ಇಟ್ಟಿದ್ದ ನಾನು, ಆ ಹುಡುಗನ ದೆಸೆಯಿಂದ ಅದರ ಬಾಗಿಲು ತಟ್ಟಬೇಕಾಯಿತು. ಒಳಗೆ ಮೊದಲು ಸಿಕ್ಕವನು ಪರಿಚಿತನೇ: ನೈಷಧಕಾವ್ಯದ ಕವಿ ಶ್ರೀಹರ್ಷ.

12ನೆಯ ಶತಮಾನದಲ್ಲಿ ಕನೌಜಿನ ರಾಜಾಸ್ಥಾನದಲ್ಲಿದ್ದ ಶ್ರೀಹರ್ಷ ನಳದಮಯಂತಿಯರ ಕಥೆ ಹೇಳಿದ ಮಹಾಕವಿಯೆಂದು ನಮಗೆ ಗೊತ್ತು. ಆತ ‘ಖಂಡನಖಂಡಖಾದ್ಯ’ವೆಂಬ ಗ್ರಂಥವನ್ನೂ ಬರೆದ. ಹೆಸರೇ ವಿನೋದದ್ದು, ಖಂಡನೆಯೆಂಬ ಸಕ್ಕರೆಯ ತಿನಿಸು ಎಂದರ್ಥ. ತಿನಿಸು ಆತನಿಗೆ, ಎದುರಾಳಿಗಳಿಗೆ ಕಬ್ಬಿಣದ ಕಡಲೆ. ಆ ಎದುರಾಳಿಗಳು ಮುಖ್ಯವಾಗಿ ನೈಯಾಯಿಕರು, ಅವರಲ್ಲಿಯೂ ಮಿಥಿಲೆಯ ಉದಯನಾಚಾರ್ಯ. ಲೋಕದ ಪ್ರತಿಯೊಂದು ಪದಾರ್ಥಕ್ಕೂ ಒಂದು ಲಕ್ಷಣ ಹೇಳಬಹುದು ಎಂಬುದು ಅವರ ಧೈರ್ಯ. ಹೇಳಿದ ಲಕ್ಷಣವನ್ನೆಲ್ಲ ಮುರಿದು ತೋರಿಸುತ್ತೇನೆ ಎಂಬುದು ಇವನ ಹಟ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಶಾಸ್ತ್ರದ ಭಾಷೆಯಲ್ಲಿ ‘ಜ್ಞಾನ’ವೆಂದರೆ ಮನಸ್ಸಿಗೆ ಬಂದ ಯಾವ ತಿಳಿವೂ ಆದೀತು. ಹಗ್ಗವನ್ನು ಕಂಡು ಹಾವೆಂದುಕೊಂಡದ್ದೂ ಜ್ಞಾನವೇ, ಆದರೆ ಭ್ರಮೆಯ ಜ್ಞಾನ. ನಾವು ಇಂದು ‘ಗೊತ್ತು’ ಎಂದು ಹೇಳುವ, ಭರವಸೆಗೆ ಅರ್ಹವಾದ ಜ್ಞಾನಕ್ಕೆ ಅವರು ‘ಪ್ರಮೆ’ ಎಂದು ಬೇರೆ ಹೆಸರಿಟ್ಟರು. ಪ್ರಮೆಗೆ ಉದಯನ ಕೊಟ್ಟ ಲಕ್ಷಣ ಸರಳವಾದದ್ದು. ತತ್ತ್ವದ ಅನುಭವವೇ ಪ್ರಮೆ. ಅಂದರೆ, ವಸ್ತು ನಿಜವಾಗಿ ಹೇಗಿದೆಯೋ ಹಾಗೆ ತೋರುವ ಅನುಭವ. ಕೇಳಿದರೆ ಯಾರಾದರೂ ಒಪ್ಪುವ ಮಾತು.

ಶ್ರೀಹರ್ಷ ಒಪ್ಪಲಿಲ್ಲ. ಒಬ್ಬನು ಮುಷ್ಟಿಯಲ್ಲಿ ಐದು ಕವಡೆಗಳನ್ನು ಮುಚ್ಚಿಟ್ಟುಕೊಂಡು, “ಎಷ್ಟಿವೆ ಹೇಳು” ಎಂದು ಇನ್ನೊಬ್ಬನನ್ನು ಕೇಳುತ್ತಾನೆ. ಅವನು ಬಾಯಿಗೆ ಬಂದಂತೆ “ಐದು” ಎನ್ನುತ್ತಾನೆ. ಹಾಗೆಂದು ಗಟ್ಟಿಯಾಗಿ ನಂಬಿಯೂ ಬಿಡುತ್ತಾನೆ ಎಂದಿಟ್ಟುಕೊಳ್ಳೋಣ. ಮುಷ್ಟಿ ಬಿಚ್ಚಿದರೆ ಐದೇ ಇವೆ. ವಸ್ತು ಹೇಗಿದೆಯೋ ಹಾಗೆಯೇ ಇವನ ಮನಸ್ಸಿಗೆ ತೋರಿತು. ಲಕ್ಷಣದ ಪ್ರಕಾರ ಇದು ಪ್ರಮೆಯಾಗಬೇಕು. ಆದರೆ ಕವಡೆಯಾಡುವ ಮಕ್ಕಳು ಕೂಡ ಇದನ್ನು ‘ಗೊತ್ತಿತ್ತು’ ಎನ್ನುವುದಿಲ್ಲ. ಹಾಗೆಯೇ ಇನ್ನೊಂದು: ದೂರದ ಬೆಟ್ಟದ ಮೇಲೆ ಮಂಜು ಕವಿದಿದೆ. ಅದನ್ನು ಹೊಗೆಯೆಂದು ಭ್ರಮಿಸಿದವನು, ಅಲ್ಲಿ ಬೆಂಕಿಯಿದೆ ಎಂದು ಊಹಿಸುತ್ತಾನೆ. ನಿಜವಾಗಿಯೂ ಅಲ್ಲಿ ಬೆಂಕಿ ಇದೆ. ಆದರೆ ಅವನು ಕಂಡದ್ದು ಅದರ ಹೊಗೆಯನ್ನಲ್ಲ. ಊಹೆ ನಿಜ, ಊಹೆಯ ಕಾರಣ ಸುಳ್ಳು.

ಕಾಗೆ ಬಂದು ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಗಂಟು ಹಾಕುವುದನ್ನು ನಾವು ಕಾಕತಾಳೀಯವೆನ್ನುತ್ತೇವೆ. ಹುಳು ಕೊರೆದ ಮರದಲ್ಲಿ ಅಕ್ಷರದಂಥ ಗೆರೆ ಮೂಡಿದರೆ ಘುಣಾಕ್ಷರವೆನ್ನುತ್ತೇವೆ. ಹುಳುವಿಗೆ ಅಕ್ಷರಾಭ್ಯಾಸವಾಗಿದೆ ಎಂದು ಯಾರೂ ಹೇಳುವುದಿಲ್ಲ. ನಾನು ತರಗತಿಯಲ್ಲಿ ಬರೆದದ್ದು ಇಂಥದೇ ಒಂದು ಘುಣಾಕ್ಷರ.

ಶ್ರೀಹರ್ಷನಿಗಿಂತ ನಾಲ್ಕು ಶತಮಾನಗಳ ಹಿಂದೆಯೇ ಈ ಜಾಡು ಹಿಡಿದವರಿದ್ದರು. 7ನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ಪ್ರಮಾಣವನ್ನು ಅಳೆಯಲು ವ್ಯವಹಾರಕ್ಕೆ ಹತ್ತಿರವಾದ ಒಂದು ಕೋಲು ಕೊಟ್ಟಿದ್ದ. ಮೋಸ ಮಾಡದ ತಿಳಿವೇ ಸರಿಯಾದ ತಿಳಿವು. ನೀರಿದೆ ಎಂದು ತಿಳಿದು ಹೋದವನಿಗೆ ನೀರು ಸಿಕ್ಕಿ ಬಾಯಾರಿಕೆ ತೀರಿದರೆ ಆ ತಿಳಿವು ಮೋಸ ಮಾಡಲಿಲ್ಲ. ಫಲ ಕಂಡು ಮರವನ್ನು ತಿಳಿಯುವ ಲೆಕ್ಕ. ಆತನ ಗ್ರಂಥಕ್ಕೆ 8ನೆಯ ಶತಮಾನದಲ್ಲಿ ವ್ಯಾಖ್ಯಾನ ಬರೆದ ಧರ್ಮೋತ್ತರ ಈ ಕೋಲನ್ನೇ ಕೈಗೆತ್ತಿಕೊಂಡು ಅದರ ಗಟ್ಟಿತನ ಪರೀಕ್ಷಿಸಿದ.

ಮರುಭೂಮಿಯಲ್ಲಿ ಬಾಯಾರಿದವನೊಬ್ಬ ಬಿಸಿಲ್ಗುದುರೆಯನ್ನು ಕಂಡು ನೀರೆಂದುಕೊಂಡು ಓಡುತ್ತಾನೆ. ಕಂಡದ್ದು ನೀರಲ್ಲ. ಆದರೆ ಅವನು ಹೋಗಿ ನಿಂತ ಜಾಗದಲ್ಲಿಯೇ, ಒಂದು ಬಂಡೆಯ ಕೆಳಗೆ, ನಿಜವಾದ ನೀರಿದೆ. ಬಾಯಾರಿಕೆ ತೀರಿತು. ಇನ್ನೊಂದು ಕಡೆ ಮಾಂಸ ಸುಡುವುದಕ್ಕೆಂದು ಯಾರೋ ಬೆಂಕಿ ಹೊತ್ತಿಸಿದ್ದಾರೆ; ಹೊಗೆ ಇನ್ನೂ ಎದ್ದಿಲ್ಲ. ವಾಸನೆಗೆ ನೊಣಗಳು ಹಿಂಡುಹಿಂಡಾಗಿ ಮೇಲೆ ಕವಿದಿವೆ. ದೂರದಿಂದ ನೋಡಿದವನು ಆ ಕಪ್ಪನ್ನು ಹೊಗೆಯೆಂದು ಬಗೆದು, ಬೆಂಕಿಯಿದೆ ಎಂದು ನಿಶ್ಚಯಿಸುತ್ತಾನೆ. ಹೋಗಿ ನೋಡಿದರೆ ಬೆಂಕಿ ಇದೆ, ಚಳಿ ಕಾಯಿಸಿಕೊಳ್ಳಬಹುದು. ಎರಡು ಕಡೆಯೂ ಫಲ ಸಿಕ್ಕಿತು, ಮೋಸವಾಗಲಿಲ್ಲ. ಆದರೂ ಇವು ಪ್ರಮಾಣಗಳಲ್ಲ ಎನ್ನುತ್ತಾನೆ ಧರ್ಮೋತ್ತರ. ಫಲ ಸಿಕ್ಕಿದರೆ ಸಾಲದು. ತಿಳಿವು ಯಾವುದನ್ನು ತೋರಿಸಿತೋ ಅದರ ಬಲದಿಂದಲೇ ಫಲ ಸಿಗಬೇಕು. ಬಂಡೆಯ ಕೆಳಗಣ ನೀರನ್ನು ಬಿಸಿಲ್ಗುದುರೆ ತೋರಿಸಲಿಲ್ಲ.

ಈ ವ್ಯಾಖ್ಯಾನ ಹಿಮಾಲಯವನ್ನು ದಾಟಿ ಟಿಬೆಟ್ಟಿಗೆ ಹೋಯಿತು. ಬಹುಕಾಲ ಅಲ್ಲಿಯ ಭಾಷೆಯ ಅನುವಾದವೇ ಅದನ್ನು ಕಾಪಾಡಿತು. ಅಲ್ಲಿ ಛಾಪ ಛೋಕ್ಯಿ ಸೆಂಗೆ (1109–1169) ಎಂಬ ಗುರು ಇನ್ನೂ ಒಂದು ಹೆಜ್ಜೆ ಮುಂದಿಟ್ಟ. ಮನಸ್ಸಿನ ತಿಳಿವುಗಳನ್ನು ವಿಂಗಡಿಸುವಾಗ ಪ್ರಮಾಣ, ಭ್ರಮೆ, ಸಂಶಯ ಇವುಗಳ ಪಕ್ಕದಲ್ಲಿ ಮತ್ತೊಂದು ಅಂಕಣ ಹಾಕಿ, ನಿಜವಾಗಿದ್ದೂ ತಕ್ಕ ಆಧಾರವಿಲ್ಲದ ನಿಶ್ಚಯವನ್ನು ಅಲ್ಲಿಟ್ಟ. ಅದು ಭ್ರಮೆಯಲ್ಲ, ಏಕೆಂದರೆ ನಿಜ. ಸಂಶಯವಲ್ಲ, ಏಕೆಂದರೆ ಮನಸ್ಸು ಗಟ್ಟಿಯಾಗಿದೆ. ಪ್ರಮಾಣವೂ ಅಲ್ಲ, ಏಕೆಂದರೆ ಬೇರಿಲ್ಲ. ನಮ್ಮ ದಿನದ ನಂಬಿಕೆಗಳನ್ನು ಒಂದು ಚೀಟಿಯಲ್ಲಿ ಬರೆದು ವಿಂಗಡಿಸಿದರೆ ಈ ಅಂಕಣ ಎಷ್ಟು ಉದ್ದವಾದೀತೋ ಎಂದು ನನಗೆ ಭಯವಾಗುತ್ತದೆ.

ಇದು ಪೂರ್ವದೇಶದವರ ಕೂದಲು ಸೀಳುವ ಅಭ್ಯಾಸವೆಂದು ತಿಳಿಯಬೇಕಾಗಿಲ್ಲ. ಕಾಶ್ಮೀರದ ಹೆಸರನ್ನಾಗಲಿ ಕನೌಜಿನ ಹೆಸರನ್ನಾಗಲಿ ಕೇಳದ ಯೂರೋಪಿನಲ್ಲಿ, 14ನೆಯ ಶತಮಾನದ ಕೊನೆಯ ಭಾಗದಲ್ಲಿ, ಇಟಲಿಯ ತರ್ಕಶಾಸ್ತ್ರಿ ಮಾಂಟುವಾದ ಪೀಟರ್ ತಿಳಿಯುವುದು ಮತ್ತು ಸಂಶಯಿಸುವುದನ್ನು ಕುರಿತು ಬರೆಯುತ್ತ ಹೆಚ್ಚುಕಡಿಮೆ ಇದೇ ಗಂಟಿಗೆ ಕೈಹಾಕಿದ. ನಮ್ಮ ತಾರ್ಕಿಕರಿಗೆ ದೇವದತ್ತ ಯಜ್ಞದತ್ತರಿದ್ದಂತೆ ಆ ಕಾಲದ ಯೂರೋಪಿನವರಿಗೆ ಉದಾಹರಣೆಗೆಂದು ಸಾಕ್ರೆಟೀಸ್ ಪ್ಲೇಟೋ ಇದ್ದರು. ನಿನ್ನ ಪಕ್ಕದಲ್ಲಿ ಪ್ಲೇಟೋ ಓಡುತ್ತಿದ್ದಾನೆ. ಅವನನ್ನು ನೀನು ಸಾಕ್ರೆಟೀಸ್ ಎಂದು ತಪ್ಪು ತಿಳಿದಿದ್ದೀಯೆ. ಆದ್ದರಿಂದ ಸಾಕ್ರೆಟೀಸ್ ಓಡುತ್ತಿದ್ದಾನೆ ಎಂದು ದೃಢವಾಗಿ ನಂಬಿದ್ದೀಯೆ. ಅದೇ ಹೊತ್ತಿಗೆ, ನಿನಗೆ ತಿಳಿಯದೆ, ಸಾಕ್ರೆಟೀಸ್ ರೋಮ್ ನಗರದಲ್ಲಿ ನಿಜವಾಗಿಯೂ ಓಡುತ್ತಿದ್ದಾನೆ. ನಿನ್ನ ನಂಬಿಕೆ ದೃಢ, ಅದು ಸತ್ಯವೂ ಹೌದು. ಆದರೂ ಅದು ಅರಿವಲ್ಲ. 1963ರಲ್ಲಿ ಅಮೆರಿಕದ ಎಡ್ಮಂಡ್ ಗೆಟಿಯರ್ ಮೂರು ಪುಟಗಳ ಒಂದು ಲೇಖನದಲ್ಲಿ ಇಂಥವೇ ಎರಡು ಉದಾಹರಣೆ ಕೊಟ್ಟಾಗ, ಆಧಾರವುಳ್ಳ ಸತ್ಯವಾದ ನಂಬಿಕೆಯೇ ಜ್ಞಾನ ಎಂದು ನಿಶ್ಚಿಂತರಾಗಿದ್ದ ಪಾಶ್ಚಾತ್ಯ ವಿದ್ವಾಂಸರು ಬೆಚ್ಚಿಬಿದ್ದರು. ಆ ಚರ್ಚೆ ಇನ್ನೂ ಮುಗಿದಿಲ್ಲ. ಬೇರೆಬೇರೆ ಕಾಲದಲ್ಲಿ, ಒಬ್ಬರ ಸುದ್ದಿ ಇನ್ನೊಬ್ಬರಿಗಿಲ್ಲದೆ, ಬೇರೆಬೇರೆ ದೇಶದವರು ಒಂದೇ ಕಲ್ಲನ್ನು ಎಡವಿದರೆಂದರೆ ಕಲ್ಲು ಅಲ್ಲಿ ಇದೆಯೆಂದೇ ಅರ್ಥ.

“ಇರಲಿ ಸ್ವಾಮಿ, ಕಲ್ಲಿದ್ದರೆ ಇರಲಿ. ನೀರು ಸಿಕ್ಕಿತಲ್ಲ, ಕಳ್ಳ ಸಿಕ್ಕಿದನಲ್ಲ, ಹೇಗೆ ಸಿಕ್ಕಿದರೇನು?” ಎಂದು ಸಂಸಾರವಂತರಾದ ಓದುಗರು ಕೇಳಬಹುದು. ನಾನೂ ಆ ರಾತ್ರಿ ನನಗೆ ಇದನ್ನೇ ಹೇಳಿಕೊಂಡು ನಿದ್ದೆ ಮಾಡಿದೆ. ಆದರೆ ಆ ಹುಡುಗ ಬಿಟ್ಟುಹೋಗಿದ್ದ ಸಂಪುಟ ಮೇಜಿನ ಮೇಲೆಯೇ ಇತ್ತು. ಎರಡು ದಿನಗಳ ಮೇಲೆ ಸುಮ್ಮನೆ ಅದರ ಹಾಳೆ ತಿರುವಿದೆ. ಅದರಲ್ಲಿ ಕರ್ಣನನ್ನು ಕುರಿತು ಇನ್ನೊಂದು ಲೇಖನವಿತ್ತು. ಅದರ ಎರಡು ಪೂರ್ತಿ ಪುಟಗಳು, ಅಕ್ಷರಕ್ಕೆ ಅಕ್ಷರ, ಅದೇ ತರಗತಿಯ ಮುಂದಿನ ಬೆಂಚಿನ ಒಬ್ಬ ಹುಡುಗನ ಪ್ರಬಂಧದಲ್ಲಿದ್ದುವು. ಅವನು ಸೊಗಸಾಗಿ ಮಾತಾಡುವವನು. ಮನೆಯಲ್ಲಿ ಎಲ್ಲರೂ ಓದಿದವರು. ಅವನ ಪ್ರಬಂಧದ ಅಂಚಿನಲ್ಲಿ ನಾನೇ ಕೆಂಪು ಶಾಯಿಯಲ್ಲಿ ‘ಉತ್ತಮ’ ಎಂದು ಬರೆದಿದ್ದೆ.

ಫಲ ಸಿಕ್ಕಿದರೆ ಸಾಲದು ಎಂದು ಧರ್ಮೋತ್ತರ ಏಕೆ ಹೇಳಿದನೆಂಬುದು ಆಗ ನನಗೆ ತಿಳಿಯಿತು. ಬಿಸಿಲ್ಗುದುರೆಯ ಹಿಂದೆ ಓಡಿ ಇಂದು ನೀರು ಕುಡಿದವನು ನಾಳೆಯೂ ಬಿಸಿಲ್ಗುದುರೆಯ ಹಿಂದೆಯೇ ಓಡುತ್ತಾನೆ. ನಾಳೆ ಅಲ್ಲಿ ಬಂಡೆ ಇರುವುದಿಲ್ಲ. ಒಮ್ಮೆ ಕಾಕತಾಳೀಯವಾಗಿ ಗೆದ್ದ ದಾರಿಯನ್ನು ನಾವು ರಾಜಮಾರ್ಗವೆಂದು ನಂಬಿಬಿಡುತ್ತೇವೆ. ಸೋತಿದ್ದರೆ ತಿದ್ದಿಕೊಳ್ಳುತ್ತಿದ್ದೆವೇನೋ, ಗೆಲುವು ಕಣ್ಣಿಗೆ ಬಟ್ಟೆ ಕಟ್ಟುತ್ತದೆ. ಹಿಂದಿನ ಬೆಂಚಿನ ಹುಡುಗ ತಪ್ಪೊಪ್ಪಿಕೊಂಡದ್ದೇ ನನ್ನ ಕಣ್ಣಿಗೆ ಪ್ರಶಸ್ತಿಯಾಯಿತು. ಅದೇ ಕಣ್ಣು ಮುಂದಿನ ಬೆಂಚಿನ ಕಡೆಗೆ ಕುರುಡಾಗಿತ್ತು.

ಹಾಗಾದರೆ ಕವಡೆಯ ಊಹೆಗೂ ಅರಿವಿಗೂ ನಡುವೆ ಇರುವ ವ್ಯತ್ಯಾಸವೇನು? ಶ್ರೀಹರ್ಷ ಉತ್ತರ ಕೊಡುವುದಿಲ್ಲ. ಕೊಡುವುದು ಅವನ ಉದ್ದೇಶವೂ ಅಲ್ಲ. ನೀವು ಹೆಮ್ಮೆಪಡುವ ಲಕ್ಷಣಗಳೆಲ್ಲ ಸೋರುವ ಕೊಡಗಳೆಂದು ತೋರಿಸಿ ಅವನು ನಡೆದುಬಿಡುತ್ತಾನೆ. ಆದರೆ ಅವನ ಏಟಿನಿಂದ ನ್ಯಾಯಶಾಸ್ತ್ರ ಮುರಿಯಲಿಲ್ಲ, ಹರಿತವಾಯಿತು. 14ನೆಯ ಶತಮಾನದಲ್ಲಿ ಮಿಥಿಲೆಯ ಗಂಗೇಶೋಪಾಧ್ಯಾಯ ‘ತತ್ತ್ವಚಿಂತಾಮಣಿ’ಯನ್ನು ಬರೆದು ನವ್ಯನ್ಯಾಯಕ್ಕೆ ಅಡಿಪಾಯ ಹಾಕಿದ. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ಅರಿವಿನ ನಾಲ್ಕು ದಾರಿಗಳಿಗೆ ನಾಲ್ಕು ಖಂಡಗಳು.

ಅದರಲ್ಲಿ ನಮ್ಮ ಪ್ರಶ್ನೆಗೆ ಬೇಕಾದ ಒಂದು ಮಾತಿದೆ. ತಪ್ಪು ತಿಳಿವು ಸುಮ್ಮನೆ ಹುಟ್ಟುವುದಿಲ್ಲ. ಅದರ ಕಾರಣಸಾಮಗ್ರಿಯಲ್ಲಿ ಎಲ್ಲಿಯೋ ‘ದೋಷ’ವಿರುತ್ತದೆ. ಕಣ್ಣಿಗೆ ಪಿತ್ತ, ದೂರ, ಮಬ್ಬು ಬೆಳಕು ಇಂಥವು. ಇದನ್ನು ಎಲ್ಲರೂ ಒಪ್ಪುತ್ತಾರೆ. ದೋಷವಿಲ್ಲದಿದ್ದರೆ ಸರಿಯಾದ ತಿಳಿವು ತಾನಾಗಿಯೇ ಹುಟ್ಟುತ್ತದೆ ಎಂದರು ಮೀಮಾಂಸಕರು. ಅಷ್ಟು ಸಾಲದು ಎಂದರು ನೈಯಾಯಿಕರು. ಸರಿಯಾದ ತಿಳಿವಿಗೆ ಅದರದೇ ಆದ ‘ಗುಣ’ವೂ ಬೇಕು. ನೋಡುವಾಗ ವಸ್ತುವಿನೊಡನೆ ಕಣ್ಣಿಗೆ ಸರಿಯಾದ ಸಂಬಂಧ. ಊಹಿಸುವಾಗ ನಿಜವಾಗಿ ಅಲ್ಲಿರುವ ಗುರುತನ್ನೇ ಕಂಡು, ಅದನ್ನು ಸರಿಯಾಗಿ ಪರಾಮರ್ಶಿಸುವುದು. ಇನ್ನೊಬ್ಬರ ಮಾತನ್ನು ನಂಬುವಾಗ, ಹೇಳುವವನಿಗೆ ವಿಷಯ ಇದ್ದಂತೆ ತಿಳಿದಿರುವುದು. ಈ ಗುಣ ಇದ್ದರೆ ಸತ್ಯ ನಮಗೆ ದಾರಿಯಲ್ಲಿ ಸಿಕ್ಕಿದ್ದಲ್ಲ, ನಾವು ನಡೆದು ಮುಟ್ಟಿದ್ದು.

ಶಾಸ್ತ್ರಗ್ರಂಥಗಳಲ್ಲಿ ಬರುವ ಹಳೆಯ ಉದಾಹರಣೆಯೊಂದಿದೆ: ಪಿತ್ತ ಹೆಚ್ಚಿದವನಿಗೆ ಬಿಳಿಯ ಶಂಖ ಹಳದಿಯಾಗಿ ಕಾಣುತ್ತದೆ. ಕಾಮಾಲೆ ಕಣ್ಣಿನವನಿಗೆ ಲೋಕವೆಲ್ಲ ಹಳದಿ ಎಂದು ನಮ್ಮ ಗಾದೆಯೂ ಹೇಳುತ್ತದೆ. ಇದನ್ನು ಸ್ವಲ್ಪ ತಿರುಗಿಸಿ ನೋಡೋಣ. ಕಾಮಾಲೆಯವನ ಮುಂದೆ ಶಂಖದ ಬದಲು ಒಂದು ಅರಿಸಿನದ ಕೊಂಬು ಇಟ್ಟರೆ? ಅವನು ಹಳದಿ ಎನ್ನುತ್ತಾನೆ. ಮಾತು ಸರಿ. ಆದರೆ ಅವನ ಕಣ್ಣು ಸರಿಯಾಯಿತು ಎಂದು ಯಾವ ವೈದ್ಯನೂ ಹೇಳುವುದಿಲ್ಲ. ಬೀದಿಯಲ್ಲಿ ಒಂದು ಕಳವಾದಾಗ ಮನೆಕೆಲಸದವಳನ್ನೇ ಮೊದಲು ಶಂಕಿಸುವ ಯಜಮಾನಿಯ ಶಂಕೆ ಒಮ್ಮೊಮ್ಮೆ ನಿಜವಾಗಬಹುದು. ಇಂಥ ಜಾತಿಯವನು ಹೀಗೆಯೇ, ಇಂಥ ಊರಿನವನು ಹೀಗೆಯೇ ಎಂದು ತೀರ್ಪು ಕೊಡುವವನ ತೀರ್ಪೂ ಒಮ್ಮೊಮ್ಮೆ ನಿಜವಾಗಬಹುದು. ಅದು ಅರಿಸಿನದ ಕೊಂಬು ಎದುರಿಗೆ ಬಂದ ದಿನ. “ನಾನು ಹೇಳಲಿಲ್ಲವೇ?” ಎಂದು ಅವರು ಆ ದಿನವನ್ನು ಆಯುಷ್ಯವಿಡೀ ನೆನೆಸಿಕೊಳ್ಳುತ್ತಾರೆ. ಶಂಖವನ್ನು ಹಳದಿಯೆಂದ ನೂರು ದಿನಗಳು ಅವರ ಲೆಕ್ಕದಲ್ಲಿಲ್ಲ.

ಇಷ್ಟು ಹೇಳಿದ ಮೇಲೆ, ಎದುರು ಪಕ್ಷಕ್ಕೂ ಒಂದು ಮಾತು ಸಲ್ಲಬೇಕು. ಪ್ರತಿಯೊಂದಕ್ಕೂ ಆಧಾರ ಕೇಳುತ್ತ ಕೂತರೆ ಸಂಸಾರ ನಡೆಯುತ್ತದೆಯೇ? ಹೆಂಡತಿ ಬಡಿಸಿದ ಅನ್ನವನ್ನು ಪರೀಕ್ಷೆ ಮಾಡಿಸಿ ಉಣ್ಣುವವನು ಜ್ಞಾನಿಯಲ್ಲ, ರೋಗಿ. ಈ ಅಪಾಯವನ್ನೂ ಆ ಪಂಡಿತರು ಕಂಡಿದ್ದರು. 7ನೆಯ ಶತಮಾನದ ಕುಮಾರಿಲಭಟ್ಟ ಹೇಳುವುದು ಹೀಗೆ: ಒಂದು ತಿಳಿವು ಸರಿಯೆಂದು ತಿಳಿಯಲು ಇನ್ನೊಂದು ತಿಳಿವು ಬೇಕೆಂದರೆ, ಆ ಇನ್ನೊಂದಕ್ಕೆ ಮತ್ತೊಂದು ಬೇಕಾಗುತ್ತದೆ, ಕೊನೆಯೇ ಇಲ್ಲ. ಆದ್ದರಿಂದ ಬಂದ ತಿಳಿವನ್ನು ಮೊದಲು ನಂಬು. ಅದಕ್ಕೆ ವಿರುದ್ಧವಾದದ್ದು ಕಂಡರೆ, ಅಥವಾ ಕಾರಣದಲ್ಲಿ ದೋಷ ಕಂಡರೆ, ಆಗ ಬಿಡು. ಸಂಶಯ ಬಂದರೂ ಮೂರು ನಾಲ್ಕು ಸಲದ ಪರಿಶೀಲನೆಗೆ ಮಿಕ್ಕಿ ಹೋಗಬೇಕಾಗಿಲ್ಲ. ಲೋಕಾನುಭವವುಳ್ಳ ಹಿರಿಯನ ಮಾತು ಇದು.

ಗಂಗೇಶನೂ ಅತಿಸಂಶಯಕ್ಕೆ ಮದ್ದು ಕೊಟ್ಟಿದ್ದಾನೆ. ಬೆಂಕಿಯಿಂದ ಹೊಗೆ ಬರುತ್ತದೆಯೋ ಇಲ್ಲವೋ ಎಂದು ವಾದಿಸುವವನು ಹೊಗೆ ಬೇಕಾದಾಗ ಬೆಂಕಿಯನ್ನೇ ಹೊತ್ತಿಸುತ್ತಾನೆ. ಹಸಿವಾದಾಗ ಅನ್ನವನ್ನೇ ಉಣ್ಣುತ್ತಾನೆ. ತನ್ನ ಸಂಶಯವನ್ನು ನಮಗೆ ತಿಳಿಸಲು ಮಾತನ್ನೇ ನಂಬುತ್ತಾನೆ. ನಡತೆಯೇ ಸುಳ್ಳಾಗಿಸುವ ಸಂಶಯ ಸಂಶಯವಲ್ಲ, ಬಾಯಿಮಾತು.

ಹೀಗೆ ಒಂದು ಕಡೆ, ಸುಮ್ಮನೆ ಸಂಶಯಪಡಬೇಡ ಎಂಬ ಉಪದೇಶ. ಇನ್ನೊಂದು ಕಡೆ, ಕವಡೆಯ ಊಹೆಯನ್ನು ಅರಿವೆಂದು ಕರೆಯಬೇಡ ಎಂಬ ಎಚ್ಚರಿಕೆ. ಎರಡನ್ನೂ ಕೂಡಿಸುವುದು ಹೇಗೆ? ಇದಕ್ಕೆ ನನಗೆ ನೆರವಾದದ್ದು ನಮ್ಮ ನಾಡಿನದೇ ಆದ ಒಂದು ವಿಚಾರ. 13ನೆಯ ಶತಮಾನದಲ್ಲಿ ಮಧ್ವಾಚಾರ್ಯರು ಹೇಳಿದ ‘ಸಾಕ್ಷಿ’ ಎಂಬ ತತ್ತ್ವವನ್ನು ಜಯತೀರ್ಥರು ವಿವರಿಸಿದರು. ಮುಂದೆ ವಿಜಯನಗರದ ಕಾಲದಲ್ಲಿ ವ್ಯಾಸತೀರ್ಥರು (1460–1539) ‘ತರ್ಕತಾಂಡವ’ದಲ್ಲಿ ಗಂಗೇಶನ ಪಕ್ಷವನ್ನು ಎದುರಿಸಿ ಅದನ್ನು ಸಮರ್ಥಿಸಿದರು. ಕೀರ್ತನೆಗಳ ಮೂಲಕ ನಮ್ಮ ಮನೆಗಳಲ್ಲಿ ಇಂದಿಗೂ ಹಾಡಿಸಿಕೊಳ್ಳುವ ವ್ಯಾಸರಾಯರೇ ಇವರು.

ಅವರ ಮತದಲ್ಲಿ ಕಣ್ಣು ಕಿವಿ ಮನಸ್ಸುಗಳ ಮೂಲಕ ಬರುವ ತಿಳಿವು ತಪ್ಪಬಹುದು. ಆದರೆ ಆ ತಿಳಿವನ್ನು ಒಳಗೆ ಕುಳಿತು ನೋಡುವ, ಆತ್ಮನದೇ ಆದ ಒಂದು ಶಕ್ತಿಯಿದೆ, ಅದೇ ಸಾಕ್ಷಿ. ಒಂದು ತಿಳಿವನ್ನೂ ಅದು ಸರಿಯೆಂಬುದನ್ನೂ ಹಿಡಿಯುವುದು ಸಾಕ್ಷಿಯೇ. ಸಂಶಯಕ್ಕೆ ಎಡೆಯಿಲ್ಲದಲ್ಲಿ ಅದು ತಡವಿಲ್ಲದೆ ಹಿಡಿಯುತ್ತದೆ. ಎಡೆಯಿದ್ದಲ್ಲಿ ಪರೀಕ್ಷೆ ಬೇಕು. ಪರೀಕ್ಷೆಯಿಂದ ಸಂಶಯ ಕಳೆದ ಮೇಲೆ ಸಾಕ್ಷಿ ನಿಶ್ಚಯಿಸುತ್ತದೆ, ಅಲ್ಲಿಗೆ ನಿಲ್ಲಬೇಕು. ಈ ಸಿದ್ಧಾಂತದ ಮತತಾತ್ತ್ವಿಕ ಭಾಗವನ್ನು ಚರ್ಚಿಸುವ ಅಧಿಕಾರ ನನಗಿಲ್ಲ. ಮನೆಗೆ ತಂದುಕೊಳ್ಳಬಹುದಾದ ನೀತಿ ಮಾತ್ರ ಸ್ಪಷ್ಟವಾಗಿದೆ. ನಂಬುವುದು ತಪ್ಪಲ್ಲ; ಪರೀಕ್ಷೆಗೆ ಕಾರಣವಿದ್ದಾಗಲೂ ಒಳಗಿನ ಸಾಕ್ಷಿಯನ್ನು ವಿಚಾರಿಸದೆ ತೀರ್ಪು ಕೊಡುವುದು ತಪ್ಪು.

ಕಾರಣವಿದೆಯೆಂದು ತಿಳಿಯುವುದು ಹೇಗೆ ಎಂದು ಕೇಳಬಹುದು. ನನ್ನ ಅನುಭವದಲ್ಲಿ ಎರಡು ಗುರುತುಗಳಿವೆ. ಒಂದು, ನಂಬಿಕೆ ನಮಗೆ ತೀರ ಹಿತವಾಗಿರುವುದು. ನಮಗಾಗದವರ ಬಗ್ಗೆ ಕೆಟ್ಟ ಸುದ್ದಿ, ನಮ್ಮವರ ಬಗ್ಗೆ ಒಳ್ಳೆಯ ಸುದ್ದಿ ಇವು ಬಂದಾಗ ಮನಸ್ಸು ಬಾಗಿಲು ತೆರೆದೇ ಕೂತಿರುತ್ತದೆ. ಈಗಂತೂ ಕೈಯಲ್ಲಿರುವ ಮೊಬೈಲಿಗೆ ದಿನಕ್ಕೆ ಹತ್ತು ಇಂಥ ಸುದ್ದಿಗಳು ಬರುತ್ತವೆ. ಒಂದು ಬೆರಳು ಒತ್ತಿದರೆ ಹತ್ತು ಜನಕ್ಕೆ ಹೋಗುತ್ತವೆ. ಅವುಗಳಲ್ಲಿ ಕೆಲವು ನಿಜವೂ ಆಗಿರುತ್ತವೆ. ‘ನೋಡಿ, ನಾನು ಕಳಿಸಿದ್ದು ನಿಜವಾಯಿತು’ ಎನ್ನುವವನು ಮುಷ್ಟಿಯ ಕವಡೆಯನ್ನು ಎಣಿಸಿದವನಲ್ಲ, ಕೂಗಿದವನು. ಎರಡು, ನಮ್ಮ ನಂಬಿಕೆಯಿಂದ ಇನ್ನೊಬ್ಬನ ತಲೆ ತಗ್ಗುವ ಸಂಭವವಿರುವುದು. ಬೆಟ್ಟದ ಮೇಲೆ ಬೆಂಕಿಯಿದೆ ಎಂದು ಮಂಜನ್ನು ಕಂಡು ನಂಬಿದರೆ ಬೆಟ್ಟಕ್ಕೆ ನೋವಿಲ್ಲ. ಮನುಷ್ಯನಿಗೆ ಹಾಗಲ್ಲ.

ನ್ಯಾಯಾಲಯಗಳಲ್ಲಿ ಅಪರಾಧವನ್ನು ಸಾಕ್ಷ್ಯದಿಂದ ಸಿದ್ಧಪಡಿಸಬೇಕು ಎನ್ನುವುದು ನಿರಪರಾಧಿಯ ರಕ್ಷಣೆಗೆ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಅದು ಅರ್ಧ ಮಾತು. ತಪ್ಪು ಮಾಡಿದವನಿಗೂ ಒಂದು ಹಕ್ಕು ಉಂಟು: ಅವನು ಮಾಡಿದ ತಪ್ಪಿನ ಗುರುತಿನಿಂದ ಅವನನ್ನು ಹಿಡಿಯಬೇಕೇ ಹೊರತು, ಅವನ ಊರು, ಮಾತು, ಮುಖ ನೋಡಿ ಅಲ್ಲ. ಮುಖ ನೋಡಿ ಹಿಡಿದರೆ, ಅವನು ಕಳ್ಳನಾಗಿದ್ದರೂ ನಾವು ಶಿಕ್ಷಿಸಿದ್ದು ಕಳವನ್ನಲ್ಲ, ಮುಖವನ್ನು. ಆ ಹುಡುಗನ ಪ್ರಶ್ನೆಯಲ್ಲಿದ್ದದ್ದು ಇದೇ. ತಪ್ಪಿಸಿಕೊಳ್ಳಲು ಅವನು ಹಾಗೆ ಕೇಳಲಿಲ್ಲ. ತಪ್ಪನ್ನು ಆಗಲೇ ಮೇಜಿನ ಮೇಲಿಟ್ಟಿದ್ದ. ನಾನು ಹಿಡಿದದ್ದು ತನ್ನ ಕಳವನ್ನೋ ತನ್ನನ್ನೋ ಎಂದು ತಿಳಿದುಕೊಳ್ಳಬೇಕಾಗಿತ್ತು ಅವನಿಗೆ. ನಗೆಯಿಂದ ಉತ್ತರ ಕೊಟ್ಟಾಗ ಅವನಿಗೆ ತಿಳಿಯಿತೆಂದು ತೋರುತ್ತದೆ.

ಮುಂದಿನ ಬೆಂಚಿನ ಹುಡುಗನನ್ನು ಕರೆದು ಆ ಪುಟಗಳನ್ನು ತೋರಿಸಿದೆ, ಅವನೂ ಒಪ್ಪಿಕೊಂಡ. ಇಬ್ಬರಿಗೂ ಮತ್ತೆ ಬರೆದು ತರಲು ಹೇಳಿದೆ. ಒಬ್ಬನಿಗೆ ತರಗತಿಯ ಎದುರಿಗೆ ಅವಮಾನ ಮಾಡಿ, ಇನ್ನೊಬ್ಬನಿಗೆ ಕೋಣೆಯೊಳಗೆ ಬುದ್ಧಿ ಹೇಳಿದಂತಾಯಿತಲ್ಲ ಎಂದು ಮಾರನೆಯ ದಿನ ತರಗತಿಯಲ್ಲಿ ಹಿಂದಿನ ಬೆಂಚಿನ ಕಡೆ ನೋಡಿ, “ಆ ದಿನ ನಾನು ಹೇಳಿದ ರೀತಿ ಸರಿಯಲ್ಲ, ನನಗೆ ಆಗ ಗೊತ್ತಿರಲಿಲ್ಲ” ಎಂದೆ. ಮಕ್ಕಳಿಗೆ ಅರ್ಥವಾಗಲಿಲ್ಲ. ಕದ್ದದ್ದು ನಿಜವಾಗಿರುವಾಗ ಸಾರ್ ಏಕೆ ಹೀಗೆನ್ನುತ್ತಾರೆ ಎಂದು ಮುಖಮುಖ ನೋಡಿಕೊಂಡರು. ಆ ಹುಡುಗ ಮಾತ್ರ ತಲೆಯೆತ್ತಿ ನೋಡಿದ.

ಎರಡನೆಯ ಸಲ ಅವನು ಬರೆದು ತಂದ ಪ್ರಬಂಧ ಮೂರೇ ಪುಟ. ಕಾಗುಣಿತದ ತಪ್ಪುಗಳಿದ್ದುವು. ತನ್ನ ಹುಟ್ಟು ಯಾವುದೆಂದು ಕೃಷ್ಣನಿಂದ ಕೇಳಿ ತಿಳಿದ ಮೇಲೂ ಕರ್ಣ ಇದ್ದ ಕಡೆಯೇ ಏಕೆ ನಿಂತ ಎಂಬುದರ ಮೇಲೆ ಒಂದು ಪುಟ ಇತ್ತು. ಅದನ್ನು ಯಾವ ಪತ್ರಿಕೆಯಲ್ಲಿಯೂ ನಾನು ಓದಿರಲಿಲ್ಲ. ಈ ಸಲ ಅವನನ್ನು ಕರೆದು ಕೂರಿಸಿ, ಅದನ್ನು ಕುರಿತು ಅರ್ಧ ಗಂಟೆ ಮಾತಾಡಿದೆ. ಆಮೇಲೆ ಅಂಕ ಹಾಕಿದೆ.